ಒಡೆಯರಿಲ್ಲದ ಸೂಜಿ

ಚುಚ್ಚುಮದ್ದಿನ ಸೂಜಿಯ ಚರಿತ್ರೆಯನ್ನು ಹೆಚ್ಚಿನವರು ಸುಧಾರಣೆಯ ಕಥೆಯಾಗಿ ಹೇಳುತ್ತಾರೆ. ಗಾಜಿನ ಸಿರಿಂಜು ಹೋಗಿ ಪ್ಲಾಸ್ಟಿಕ್ಕಿನದು ಬಂತು, ಕುದಿಸುವ ಕಾಟ ತಪ್ಪಿತು, ಒಮ್ಮೆ ಬಳಸಿ ಎಸೆಯುವುದು ರೂಢಿಯಾಯಿತು, ರೋಗಿ ಪಾರಾದ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ನಿಂತು ನೋಡಿದರೆ ಈ ಕಥೆ ಅರ್ಧದಷ್ಟೇ ನಿಜ. ರೋಗಿಯ ತೋಳಿಗಿದ್ದ ಅಪಾಯ ತಗ್ಗಿದ್ದು ಹೌದು. ಆದರೆ ಅದರಲ್ಲೊಂದು ಪಾಲು ಕಸ ಬಳಿಯುವವರ, ಚರಂಡಿಗಿಳಿಯುವವರ, ಗುಜರಿ ಆಯುವವರ ಕೈಗೆ ದಾಟಿತು. ಗಾಜಿನ ಸಿರಿಂಜಿಗೆ ಒಬ್ಬ ಒಡೆಯನಿದ್ದ. ಬಳಸಿ ಮುಗಿದ ಪ್ಲಾಸ್ಟಿಕ್ ಸಿರಿಂಜನ್ನು ತನ್ನದೆನ್ನುವವರು ಯಾರೂ ಇಲ್ಲ. ಈ ಸೀಮೆಯ ಸೂಜಿಯ ಸಮಸ್ಯೆಯೆಲ್ಲ ಹುಟ್ಟಿದ್ದು ಇಲ್ಲಿ ಎಂಬುದು ನನ್ನ ವಾದ.

ಚರ್ಮದಡಿ ಮದ್ದು ಹೊಗಿಸುವ ಟೊಳ್ಳು ಸೂಜಿಯ ಸಿರಿಂಜು ಎಡಿನ್‌ಬರೋದ ಅಲೆಕ್ಸಾಂಡರ್ ವುಡ್, ಫ್ರಾನ್ಸಿನ ಚಾರ್ಲ್ಸ್ ಪ್ರವಾಜ್ ಇವರಿಂದ ರೂಪುಗೊಂಡದ್ದು 1853ರಲ್ಲಿ. ಅದೇ ವರ್ಷ ಹೈದರಾಬಾದಿನ ನಿಜಾಮ ಸಾಲದ ಬಾಬ್ತಿಗೆ ಈ ಸೀಮೆಯನ್ನೊಳಗೊಂಡ ರಾಯಚೂರು ದೋಆಬನ್ನು ಇಂಗ್ಲಿಷರ ಆಡಳಿತಕ್ಕೆ ಬಿಟ್ಟುಕೊಟ್ಟ. ಅದು ಮರಳಿ ಬಂದದ್ದು 1860ರಲ್ಲಿ. ಲಿಂಗಸುಗೂರು ಆಗ ಛಾವಣಿಯ ಊರು, ಮುಂದೆ 1905ರಲ್ಲಿ ರಾಯಚೂರಿಗೆ ಸೇರುವವರೆಗೂ ಅದೇ ಹೆಸರಿನ ಜಿಲ್ಲೆಯ ಕೇಂದ್ರ. ಸಿರಿಂಜಿನಂಥ ದುಬಾರಿ ಸಾಮಾನು ಇರುತ್ತಿದ್ದದ್ದು ಇಂಥ ಊರುಗಳ ದವಾಖಾನೆಗಳಲ್ಲಿ ಮಾತ್ರ. ಅದನ್ನು ಬಿಸಾಡುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಮುಂದೆ ಸ್ಟೀಲಿನ ಡಬ್ಬಿಯಲ್ಲಿಟ್ಟು ಕುದಿಸುತ್ತಿದ್ದರು, ಸೂಜಿಯ ತೂತಿಗೆ ತಂತಿ ಹಾಕಿ ಕಸರು ತೆಗೆಯುತ್ತಿದ್ದರು, ಮೊನೆ ಮೊಂಡಾದರೆ ಕಲ್ಲಿಗೆ ಮಸೆಯುತ್ತಿದ್ದರು. ಸೂಜಿ ಕಳೆದರೆ ಕಂಪೌಂಡರ್ ಲೆಕ್ಕ ಹೇಳಬೇಕಿತ್ತು.

ಆ ಕಾಲವನ್ನು ಹಾಡಿ ಹೊಗಳಬೇಕಾದ್ದಿಲ್ಲ. ಸರದಿಯಲ್ಲಿ ಜನ ನಿಂತಿರುವಾಗ ಪ್ರತಿಯೊಬ್ಬರಿಗೂ ಪೂರಾ ಹೊತ್ತು ಕುದಿಸಿದ ಸೂಜಿ ಸಿಗುವುದು ಕಷ್ಟ. ಧನುರ್ವಾಯು ತರುವ ರೋಗಾಣುವಿನ ಬೀಜಕಣಗಳಂತೂ ಬರೀ ಕುದಿಸಿದರೆ ಸಾಯುವುದಿಲ್ಲ. ಒಬ್ಬನ ಕಾಮಾಲೆ ಇನ್ನೊಬ್ಬನಿಗೆ ತಗಲಲು ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಹೀಗಾಗಿ ಗಾಜಿನ ಸಿರಿಂಜೇ ಪರಿಸರಕ್ಕೆ ಮೇಲು, ಅದಕ್ಕೇ ಮರಳೋಣ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಆ ಕಾಲದಿಂದ ಉಳಿಸಿಕೊಳ್ಳಬೇಕಾದ್ದು ಒಂದೇ, ಸೂಜಿಯ ಲೆಕ್ಕ ಹೇಳುವ ಹೊಣೆ.

ಈ ಹೊಣೆ ಸಡಿಲಾದದ್ದು ಸೂಜಿ ದವಾಖಾನೆಯ ಹೊಸ್ತಿಲು ದಾಟಿದಾಗ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರಿನ ಎರೆಹೊಲಗಳು ಭತ್ತದ ಗದ್ದೆಗಳಾದವು. ಆಂಧ್ರದಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡರು; ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ನೆಲೆ ಕೊಟ್ಟಿತು; ನಾಟಿಗೆ, ಕೊಯ್ಲಿಗೆ ಕೂಲಿಯವರು ಬಂದರು. ನಿಂತ ನೀರಿನ ಜತೆಗೆ ಸೊಳ್ಳೆಯೂ ಜ್ವರವೂ ಬಂದವು. ದಿನಗೂಲಿ ತಪ್ಪಿಸಿಕೊಳ್ಳಲಾಗದವನಿಗೆ ಮೂರು ದಿನದ ಗುಳಿಗೆಗಿಂತ ಇವತ್ತೇ ಎಬ್ಬಿಸಿ ನಿಲ್ಲಿಸುವ ಸೂಜಿ ಬೇಕು. ‘ಸೂಜಿ ಮಾಡಿಸಿಕೊಂಡು’ ಬಂದರೇ ಆರಾಮ ಎಂಬ ನಂಬಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವವರು ಈ ಕೂಲಿಯ ಲೆಕ್ಕವನ್ನು ಮರೆಯುತ್ತಾರೆ. ಬ್ಯಾಗು ಹಿಡಿದು ಮನೆಬಾಗಿಲಿಗೆ ಬರುವ ವೈದ್ಯರಿಗೆ, ಅವರಲ್ಲಿ ಪದವಿ ಇದ್ದವರೂ ಇಲ್ಲದವರೂ ಇದ್ದರು, ಕೆಲಸ ಸಿಕ್ಕಿದ್ದು ಹೀಗೆ. ಲಿಂಗಸುಗೂರು ತಾಲ್ಲೂಕಿನಲ್ಲೇ ಇರುವ ಹಟ್ಟಿ ಚಿನ್ನದ ಗಣಿಗೆ ಅದರದೇ ಆಸ್ಪತ್ರೆ ಇದೆ. ಒಂದೇ ಆವರಣ, ಒಬ್ಬನೇ ಮಾಲೀಕ, ಬಳಸಿದ ಸೂಜಿ ಎಲ್ಲಿ ಹೋಯಿತೆಂದು ಕೇಳಲು ಜನ ಇರುತ್ತಾರೆ. ಹೊಲದ ಗುಡಿಸಲಲ್ಲಿ ಚುಚ್ಚಿದ ಸೂಜಿಯನ್ನು ಕೇಳುವವರು ಯಾರು?

ಕಾನೂನು ಬಂದದ್ದು ತಡವಾಗಿ, ಅದೂ ಆಸ್ಪತ್ರೆಯನ್ನೇ ಕಣ್ಣ ಮುಂದಿಟ್ಟುಕೊಂಡು. ಜೈವಿಕ ವೈದ್ಯಕೀಯ ತ್ಯಾಜ್ಯದ ಮೊದಲ ನಿಯಮಗಳು 1998ರವು. 2004ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವೊಂದು ಭಾರತದಲ್ಲಿ ಕೊಡುವ ಇಂಜೆಕ್ಷನ್ನುಗಳಲ್ಲಿ ಶೇ. 60ಕ್ಕೂ ಹೆಚ್ಚು ಅಸುರಕ್ಷಿತ ಎಂದಿತು. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಹೆಪಟೈಟಿಸ್ ಬಿ ಹಬ್ಬಿ ಹಲವರು ಸತ್ತಾಗ, ಬಳಸಿದ ಸಿರಿಂಜುಗಳು ಗುಜರಿಯಿಂದ ಮತ್ತೆ ಮಾರಾಟಕ್ಕೆ ಬರುತ್ತಿದ್ದದ್ದು ಬಯಲಾಯಿತು. ಎಸೆದದ್ದು ತಿರುಗಿ ತೋಳಿಗೇ ಬಂದಿತ್ತು. 2016ರ ನಿಯಮಗಳು ಬಿಗಿಯಾದವು: ಸೂಜಿ, ಬ್ಲೇಡುಗಳು ಚುಚ್ಚಿ ಹೊರಬಾರದ ಬಿಳಿ ಡಬ್ಬಿಗೆ, ತ್ಯಾಜ್ಯ 48 ಗಂಟೆಯೊಳಗೆ ಸಂಸ್ಕರಣೆಗೆ, 75 ಕಿ.ಮೀ. ಒಳಗೆ ಸಾಮೂಹಿಕ ಘಟಕವಿದ್ದರೆ ಆಸ್ಪತ್ರೆ ತಾನೇ ಸಂಸ್ಕರಿಸುವಂತಿಲ್ಲ. ಆದರೆ ನಕ್ಷೆ ಬಿಚ್ಚಿ ನೋಡಿ. ಘಟಕ ಜಿಲ್ಲಾ ಕೇಂದ್ರದಲ್ಲೇ ಇದೆ ಎಂದಿಟ್ಟುಕೊಂಡು ನೇರ ಗೆರೆ ಎಳೆದರೂ ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರೂ ಊರುಗಳು ರಾಯಚೂರು ನಗರದಿಂದ 75 ಕಿ.ಮೀ. ಆಚೆಗೇ ಬೀಳುತ್ತವೆ. ಹಾಸಿಗೆಗಳ ಸಂಖ್ಯೆ ಕಡಿಮೆಯಿದ್ದ ಕಡೆ ಒಂದೇ ಘಟಕ 150 ಕಿ.ಮೀ.ವರೆಗೆ ವ್ಯಾಪಿಸಬಹುದೆಂಬ ಸಡಿಲಿಕೆ ಇದೆ ನಿಜ. ಆದರೆ ದೂರ ಬೆಳೆದಷ್ಟೂ ವಾರಕ್ಕೆ ನಾಲ್ಕು ಸೂಜಿ ಬಳಸುವ ಸಣ್ಣ ಕ್ಲಿನಿಕ್ಕಿಗೆ ಘಟಕದ ವಾಹನ ಬರುವ ಸಂಭವ ಕ್ಷೀಣ.

ನಾಲ್ಕು ಸೂಜಿಗೆ ಇಷ್ಟೊಂದು ಚಿಂತೆ ಯಾಕೆ ಎನ್ನಬಹುದು. ಲಸಿಕೆ ಪಡೆಯದವರಿಗೆ ಸೋಂಕಿನ ಸೂಜಿ ಒಮ್ಮೆ ಚುಚ್ಚಿದರೆ ಹೆಪಟೈಟಿಸ್ ಬಿ ತಗಲುವ ಸಂಭವ ಶೇ. 30ರವರೆಗೂ ಇದೆ, ಒಣಗಿದ ರಕ್ತದಲ್ಲೂ ಆ ವೈರಾಣು ಏಳು ದಿನ ಬದುಕಬಲ್ಲದು. ಕಸದ ಗಾಡಿಯಲ್ಲಿ ಬರಿಗೈ ಹಾಕುವ ಹೆಣ್ಣುಮಗಳಿಗೆ ಒಂದೇ ಸೂಜಿ ಸಾಕು. ಇನ್ನೊಂದು ಆಕ್ಷೇಪ ದುಡ್ಡಿನದು: ಸಣ್ಣ ಊರಿಗೆ ಇದೆಲ್ಲ ಎಟುಕೀತೆ? ಎಟುಕುವ ದಾರಿ ಈಗಾಗಲೇ ಇದೆ. ಮಕ್ಕಳ ಲಸಿಕೆಗೆ ಎರಡನೇ ಸಲ ಬಳಸಲಾಗದಂತೆ ತಾನೇ ಲಾಕ್ ಆಗುವ ಸಿರಿಂಜುಗಳನ್ನು 2005ರ ನಂತರ ತಂದಾಗ, ಲಸಿಕೆ ಹಾಕುವ ಸಿಸ್ಟರ್ ಕೈಗೆ ಸೂಜಿ ಕತ್ತರಿಸುವ ಪುಟ್ಟ ಸಾಧನ ಬಂತು. ಕತ್ತರಿಸಿದ ಮೊನೆ ಡಬ್ಬಿಯೊಳಗೆ ಬೀಳುತ್ತದೆ, ಸಂಜೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುತ್ತದೆ, ಸೋಂಕು ತೆಗೆದ ಮೇಲೆ ಕಾಂಕ್ರೀಟಿನ ಗುಂಡಿ ಸೇರುತ್ತದೆ. ಇಲ್ಲಿ ಸೂಜಿಗೆ ಮತ್ತೆ ಒಡೆಯರು ಸಿಕ್ಕಿದ್ದಾರೆ. ಅಂಗನವಾಡಿಯ ಜಗುಲಿಯಲ್ಲಿ ಸಾಧ್ಯವಾದದ್ದು ಪೇಟೆಯ ಕ್ಲಿನಿಕ್ಕಿನಲ್ಲಿ ಅಸಾಧ್ಯವೆಂದರೆ ನಂಬುವುದು ಕಷ್ಟ.

ಇನ್ನುಳಿದದ್ದು ಮನೆಯ ಸೂಜಿ. ಇನ್ಸುಲಿನ್ ತೆಗೆದುಕೊಳ್ಳುವವರು ದಿನಕ್ಕೊಂದೆರಡು ಸಲ ಚುಚ್ಚಿಕೊಳ್ಳುತ್ತಾರೆ. ಎಮ್ಮೆ, ಎತ್ತಿಗೆ ಚುಚ್ಚಿದ ದಪ್ಪ ಸೂಜಿ ಕೊಟ್ಟಿಗೆಯ ಗೊಬ್ಬರದಲ್ಲಿ ಸೇರಿ ಗದ್ದೆಗೆ ಹೋಗಿ ನಾಟಿಯವರ ಕಾಲಿಗೆ ಸಿಗುತ್ತದೆ. 2016ರ ಘನತ್ಯಾಜ್ಯ ನಿಯಮಗಳು ಮನೆಯಲ್ಲಿ ಬಳಸಿದ ಸೂಜಿ, ಸಿರಿಂಜುಗಳನ್ನು ಗೃಹ ಅಪಾಯಕಾರಿ ತ್ಯಾಜ್ಯವೆಂದು ಹೆಸರಿಸಿ, ಅವನ್ನು ಪಡೆಯಲು 20 ಚದರ ಕಿ.ಮೀ.ಗೊಂದು ಕೇಂದ್ರ ತೆರೆಯಬೇಕೆಂದು ಸ್ಥಳೀಯ ಸಂಸ್ಥೆಗಳಿಗೆ ವಿಧಿಸಿದವು. ಜನರಿಗೆ ಅದು ಕಾಣುವ ಕಡೆ ಇರಬೇಕು, ಅಷ್ಟೆ. ಇನ್ಸುಲಿನ್ ಮಾರುವ ಔಷಧ ಅಂಗಡಿ, ಪಶು ಆಸ್ಪತ್ರೆ ಇವೆರಡಕ್ಕಿಂತ ಒಳ್ಳೆಯ ಜಾಗ ನನಗೆ ತೋರದು. ಗಟ್ಟಿ ಪ್ಲಾಸ್ಟಿಕ್ ಡಬ್ಬಿ ತುಂಬಿದಾಗ ಅಲ್ಲಿಗೆ ತಂದುಕೊಡುವುದು ಬಳಸಿದವರ ಪಾಲು, ಅಲ್ಲಿಂದ ಸಂಸ್ಕರಣೆಗೆ ಮುಟ್ಟಿಸುವುದು ಸಿಂಧನೂರಿನಲ್ಲಿ ನಗರಸಭೆಯ, ಲಿಂಗಸುಗೂರು, ಮಸ್ಕಿಯಲ್ಲಿ ಪುರಸಭೆಯ, ಕ್ಯಾಂಪು ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಪಾಲು.