ಆನೆಗೊಂದು ಗುಂಡು, ಹುಲಿಗೊಂದು ಗುಂಡು

ಈಗ ಮಂಡ್ಯ ನಗರದೊಳಗೇ ಸೇರಿಹೋಗಿರುವ ಗುತ್ತಲಿನಿಂದ ಮದ್ದೂರು ತಾಲ್ಲೂಕಿನ ಆತಕೂರು ಬಹಳ ದೂರವೇನಿಲ್ಲ. ಬೇಟೆಯ ಚರಿತ್ರೆಯನ್ನು ಹೇಳಹೊರಟವರು ಆ ಊರಿನಿಂದಲೇ ಆರಂಭಿಸಬಹುದು. ಕ್ರಿ.ಶ. 949-50ರ ಆತಕೂರು ಶಾಸನದಲ್ಲಿ ಕಾಳಿ ಎಂಬ ಬೇಟೆನಾಯಿಯ ಕಥೆಯಿದೆ. ಗಂಗರ ದೊರೆ ಬೂತುಗನಿಂದ ಅದನ್ನು ಕೇಳಿ ಪಡೆದವನು ವೀರ ಮಣಲೇರ. ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ನಾಯಿಯ ನೆನಪಿಗೆ ನಿಲ್ಲಿಸಿದ ಆ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೀವು ನೋಡಬಹುದು.

ಬಂದೂಕು ಬಂದ ಮೇಲೆ ಬೇಟೆಗಾರನು ಪ್ರಾಣಿಯಿಂದ ದೂರ ನಿಲ್ಲುವಂತಾಯಿತು. ಅದರೊಂದಿಗೆ ಹೊಸ ಹೊಣೆಯೂ ಬಂತು. ತಪ್ಪು ಗುಂಡು ತಗುಲಿದ ಪ್ರಾಣಿ ಸಾಯುವುದಿಲ್ಲ. ನೋವು ಹೊತ್ತು ಕಾಡು ಸೇರುತ್ತದೆ. ಓಡುವ ಜಿಂಕೆಯನ್ನು ಹಿಡಿಯಲಾಗದ ಹುಲಿ ದನಕ್ಕೆ, ಆಮೇಲೆ ಮನುಷ್ಯನಿಗೆ ಬಾಯಿ ಹಾಕಬಹುದು. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನರ ಕಾಡಿನ ಕತೆಗಳನ್ನು ಓದಿದವರಿಗೆ ಇದು ಗೊತ್ತಿರುತ್ತದೆ. ಗುಂಡು ಹಾರಿಸಿದವನು ಮನೆಗೆ ಹೋಗುತ್ತಾನೆ. ಮರುದಿನ ಸೌದೆಗೆ ಹೋದವಳು ಅದರ ಬೆಲೆ ತೆರುತ್ತಾಳೆ. ಆದ್ದರಿಂದ ಗುಂಡಿನ ಆಯ್ಕೆ ಬರಿಯ ಶೋಕಿಯ ಮಾತಾಗಿರಲಿಲ್ಲ.

ಈ ಪ್ರಶ್ನೆಯನ್ನು ಚೆನ್ನಾಗಿ ಅರಿತಿದ್ದವರಲ್ಲಿ ಜಿ. ಪಿ. ಸ್ಯಾಂಡರ್ಸನ್ ಒಬ್ಬರು. ಮೈಸೂರು ಸಂಸ್ಥಾನದ ಕಾಲುವೆಗಳ ಕೆಲಸಕ್ಕೆ ಸೇರಿ, ಮುಂದೆ ಚಾಮರಾಜನಗರದ ಬಳಿ ಖೆಡ್ಡಾ ನಡೆಸಿ ಆನೆಗಳನ್ನು ಹಿಡಿದವರು. 1878ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರು ಬಂದೂಕುಗಳ ಬಗೆಗೂ ಬರೆದಿದ್ದಾರೆ. ಆನೆ ಬೇಟೆಗೆ ಮೊದಲು ಅವರು ಬಳಸಿದ್ದು 12 ಬೋರಿನ ಬಂದೂಕು, ಆಮೇಲೆ 4 ಬೋರಿನದು. ಇಲ್ಲೊಂದು ವಿಚಿತ್ರವಿದೆ: ಬೋರಿನ ಅಂಕಿ ಚಿಕ್ಕದಾದಷ್ಟೂ ಗುಂಡು ದೊಡ್ಡದು. ನಳಿಗೆಯ ಅಳತೆಯ ಸೀಸದ ಗುಂಡುಗಳು ಒಂದು ಪೌಂಡಿಗೆ ಎಷ್ಟು ತೂಗುತ್ತವೆಯೋ ಅದೇ ಬೋರಿನ ಅಂಕಿ. 12 ಬೋರಿನ ಗುಂಡು ಸುಮಾರು 38 ಗ್ರಾಂ ತೂಗಿದರೆ 4 ಬೋರಿನದು 113 ಗ್ರಾಂ!

ಅಷ್ಟು ದೊಡ್ಡ ಗುಂಡು ಏಕೆ ಬೇಕಾಯಿತು? ಆನೆಯ ತಲೆಬುರುಡೆ ಜೇನುತಟ್ಟಿಯಂತೆ ಗಾಳಿಗೂಡುಗಳಿಂದ ತುಂಬಿದೆ. ಅದರ ಹಿಂಬದಿಯಲ್ಲಿ ಸುಮಾರು 5 ಕಿಲೋ ತೂಕದ ಮೆದುಳು ಅಡಗಿದೆ. ಗುಂಡು ಅಷ್ಟು ಮೂಳೆಯನ್ನು ನೇರವಾಗಿ ಹಾಯಬೇಕು. ಮೆತ್ತನೆಯ ಸೀಸ ಮೂಳೆಗೆ ಬಡಿದರೆ ಚಪ್ಪಟೆಯಾಗುತ್ತದೆ. ಅದಕ್ಕಾಗಿ ಸೀಸಕ್ಕೆ ತವರ ಮೊದಲಾದ ಲೋಹ ಬೆರೆಸಿ ಗಟ್ಟಿಮಾಡುತ್ತಿದ್ದರು. ಕಪ್ಪು ಮದ್ದು ಗುಂಡಿಗೆ ಹೆಚ್ಚು ವೇಗ ಕೊಡಲಾರದಾದ್ದರಿಂದ ತೂಕವನ್ನೇ ಹೆಚ್ಚಿಸಬೇಕಾಯಿತು.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ ಮೇಲೆ ಚಿತ್ರ ಬದಲಾಯಿತು. 1898ರ ಸುಮಾರಿಗೆ ಬಂದ .450 ನೈಟ್ರೋ ಎಕ್ಸ್‌ಪ್ರೆಸ್ ರೈಫಲಿನ ಗುಂಡು ಕೇವಲ 31 ಗ್ರಾಂ. ವೇಗ ಮಾತ್ರ ಸೆಕೆಂಡಿಗೆ ಸುಮಾರು 655 ಮೀಟರ್. ತೆರೆಯ ಮೇಲೆ ಹಾರುವ ಗುಂಡನ್ನು ತೋರಿಸುವುದು ಕಷ್ಟ. ಕಾಗದದ ಮೇಲೆ ಲೆಕ್ಕ ಮಾಡುವುದು ಸುಲಭ. ಗುಂಡಿನ ತೂಕವನ್ನು ಅದರ ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿ ನೋಡಿ. 4 ಬೋರಿನ ಗೋಲದಲ್ಲಿ ಒಂದು ಚದರ ಸೆಂಟಿಮೀಟರಿನ ಹಿಂದೆ ಸುಮಾರು 20 ಗ್ರಾಂ ಇದೆ, ನೀಳವಾದ.450 ಗುಂಡಿನಲ್ಲಿ ಸುಮಾರು 29 ಗ್ರಾಂ. ಮೊಂಡು ಗೂಟಕ್ಕಿಂತ ಮೊಳೆ ಸುಲಭವಾಗಿ ಇಳಿಯುವುದಿಲ್ಲವೇ? ಇದೂ ಹಾಗೆಯೇ.

ಇಷ್ಟಾದರೂ ಒಂದೇ ಗುಂಡು ಎಲ್ಲಕ್ಕೂ ಸಲ್ಲಲಿಲ್ಲ. ಆನೆಗೆ, ಕಾಟಿಗೆ ಪೂರ್ತಿ ಲೋಹದ ಕವಚವಿರುವ, ಆಕಾರ ಕೆಡದ ಗುಂಡು. ಹುಲಿಯ ಮೈ ಅಷ್ಟು ದಪ್ಪವಲ್ಲ. ಅಂಥ ಗುಂಡು ಅದನ್ನು ತೂರಿ ಆಚೆ ಹೋಗಿಬಿಡಬಹುದು. ಹುಲಿಗೆ ತುದಿಯಲ್ಲಿ ಸೀಸ ಬಿಟ್ಟ, ಒಳಹೊಕ್ಕು ಅರಳುವ ಮೃದುಮೂತಿಯ ಗುಂಡು ಬೇಕು. ಕಲ್ಕತ್ತೆಯ ಬಳಿಯ ಡಮ್‌ಡಮ್ ಕಾರ್ಖಾನೆಯ ಹೆಸರು ಹೊತ್ತದ್ದು ಇಂಥದೇ ಅರಳುವ ಗುಂಡು. 1899ರ ಹೇಗ್ ಘೋಷಣೆ ಅದನ್ನು ಯುದ್ಧದಲ್ಲಿ ನಿಷೇಧಿಸಿತು. ಮನುಷ್ಯನಿಗೆ ಕ್ರೂರವೆನಿಸಿದ್ದನ್ನು, ಬೇಗ ಸಾವು ತರುತ್ತದೆಂಬ ಕಾರಣಕ್ಕೆ ಬೇಟೆಯಲ್ಲಿ ದಯೆಯೆಂದು ಎಣಿಸಿದರು! ಸರ್ಕಾರದ ಭಯವೂ ಗುಂಡಿನ ಅಳತೆಯನ್ನು ತಿದ್ದಿದ್ದುಂಟು. ಸೈನ್ಯದ ಹಳೆಯ .450 ಬಂದೂಕುಗಳು ದಂಗೆಕೋರರ ಕೈಯಲ್ಲಿದ್ದರೆ ಗುಂಡು ಸಿಗಬಾರದೆಂದು, 1907ರ ಸುಮಾರಿಗೆ ಬ್ರಿಟಿಷರು ಭಾರತದಲ್ಲಿ ಆ ಅಳತೆಯನ್ನೇ ನಿಷೇಧಿಸಿದರು. ಕೂಡಲೇ .465, .470 ಎಂಬ ಹೊಸ ಅಳತೆಗಳು ಹುಟ್ಟಿಕೊಂಡವು.

ಈ ಎಲ್ಲ ಲೆಕ್ಕ ರಾಜರಿಗೆ, ಸಾಹೇಬರಿಗೆ. ಬೆಳೆ ಕಾಯುವ ರೈತನ ಬಳಿ ಇದ್ದದ್ದು ನಾಡಬಂದೂಕು, ಅದರೊಳಗೆ ಚಿಲ್ಲರೆ ಸೀಸದ ಚೂರು. ಅವು ಪ್ರಾಣಿಯ ಚರ್ಮ ಹರಿದು ಮಾಂಸದಲ್ಲಿ ಉಳಿಯುತ್ತಿದ್ದವು. ಗಾಯಗೊಂಡ ಪ್ರಾಣಿಯ ಸೇಡೂ ಅವನ ಹಟ್ಟಿಯ ಬಾಗಿಲಿಗೇ ಬರುತ್ತಿತ್ತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಡನೆ ಇಂಥ ಬೇಟೆಯ ಕಾಲ ಮುಗಿಯಿತು. ಮನುಷ್ಯನ ಜೀವಕ್ಕೆ ಅಪಾಯ ತರುವ ಆನೆ, ಹುಲಿಗಳನ್ನೂ ಮೊದಲು ಹಿಡಿಯಲು, ಮಂಪರು ಕೊಡಲು, ಬೇರೆಡೆಗೆ ಸಾಗಿಸಲು ನೋಡಬೇಕು. ಅದಾವುದೂ ಆಗದೆಂದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮನವರಿಕೆಯಾದರೆ ಮಾತ್ರ ಕೊಲ್ಲುವ ಅನುಮತಿ. ಮಳವಳ್ಳಿ, ಮದ್ದೂರಿನ ಕಬ್ಬಿನ ಗದ್ದೆಗೆ ಆನೆ ಇಳಿದರೆ ಅರಣ್ಯ ಇಲಾಖೆಯವರು ಅದನ್ನು ಕಾಡಿಗೆ ಅಟ್ಟಲು ನೋಡುತ್ತಾರೆ. ಹಿಡಿಯಲೇಬೇಕಾದಾಗ ವೈದ್ಯರ ಬಂದೂಕಿನಿಂದ ಹಾರುವುದು ಔಷಧ ತುಂಬಿದ ಸೂಜಿ. ಭುಜದ ಎತ್ತರ ನೋಡಿ ತೂಕ ಅಂದಾಜು ಮಾಡಿ, ಅದಕ್ಕೆ ತಕ್ಕ ಪ್ರಮಾಣ ತುಂಬಬೇಕು. ಕಡಿಮೆಯಾದರೆ ಆನೆ ತಿರುಗಿ ಬೀಳುತ್ತದೆ. ಹೆಚ್ಚಾದರೆ ಏಳುವುದೇ ಇಲ್ಲ.

ಅಂದು ಸೀಸವನ್ನು ತೂಗಿದಷ್ಟೇ ಎಚ್ಚರದಿಂದ ಇಂದು ಔಷಧವನ್ನು ತೂಗಬೇಕು. ಎದುರಿನ ಪ್ರಾಣಿಯ ಮೈಯನ್ನು ಸರಿಯಾಗಿ ತಿಳಿಯದವನು ಅಂದೂ ಬಂದೂಕು ಎತ್ತಬಾರದಿತ್ತು, ಇಂದೂ ಎತ್ತಬಾರದು.