ಮನೆತನದ ತಾಮ್ರಶಾಸನಗಳ ಪರೀಕ್ಷೆ

ಹಳೆಯ ಮನೆಗಳ ದೇವರ ಪೆಟ್ಟಿಗೆಯಲ್ಲಿಯೂ ಅಟ್ಟದ ಮೇಲಣ ಸಂದೂಕಗಳಲ್ಲಿಯೂ ತಲೆಮಾರುಗಳಿಂದ ಉಳಿದುಬಂದ ವಸ್ತುಗಳನ್ನು ಬಲ್ಲವರಿಗೆ ತೋರಿಸುವಾಗ ಮನೆಯವರು ಸಾಮಾನ್ಯವಾಗಿ ಕೇಳುವುದು ಎರಡು ಪ್ರಶ್ನೆಗಳನ್ನು: ಇದು ಎಷ್ಟು ಹಳೆಯದು? ಇದರ ಬೆಲೆಯೆಷ್ಟು? ಒಡವೆಗೂ ಕಂಚಿನ ವಿಗ್ರಹಕ್ಕೂ ಇಷ್ಟು ಸಾಕಾದೀತು. ತಾಮ್ರಶಾಸನದ ವಿಷಯದಲ್ಲಿ ಮಾತ್ರ ಮೂರನೆಯದೊಂದು ಪ್ರಶ್ನೆಯೇಳುತ್ತದೆ: ಇದು ಹೇಳುತ್ತಿರುವುದು ನಿಜವೇ? ಮನೆತನದ ಮಾನವೂ ಒಮ್ಮೊಮ್ಮೆ ಭೂಮಿಯೂ ಈ ಪ್ರಶ್ನೆಯನ್ನೇ ಅವಲಂಬಿಸಿದ್ದುದರಿಂದ, ಶಾಸನವನ್ನು ಪರಸ್ಥರ ಕೈಗೆ ಕೊಡಲು ಹಿರಿಯರು ಹಿಂಜರಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ತಾಮ್ರಶಾಸನವೆಂದರೆ ಸಾಮಾನ್ಯವಾಗಿ ಕೆಲವು ತಗಡುಗಳನ್ನು ಒಂದು ಬಳೆಯಲ್ಲಿ ಪೋಣಿಸಿ, ಆ ಬಳೆಯ ತುದಿಗಳು ಕೂಡುವೆಡೆಯಲ್ಲಿ ಅರಸುಮನೆತನದ ಮುದ್ರೆಯನ್ನೊತ್ತಿದ ದಾನಪತ್ರ. ಗಂಗರ ಮುದ್ರೆ ಆನೆ, ಬಾದಾಮಿಯ ಚಾಲುಕ್ಯರದು ವರಾಹ, ರಾಷ್ಟ್ರಕೂಟರದು ಗರುಡ. ಪರೀಕ್ಷಕನಿಗೆ ಲೋಹವು ಹೇಳುವುದು ಅಲ್ಪ. ಆತನು ಮುಖ್ಯವಾಗಿ ನೋಡತಕ್ಕದ್ದು ಅಕ್ಷರಗಳ ರೂಪ, ವಂಶಾವಳಿ, ಬಿರುದುಗಳು, ತಿಥಿ ವಾರ ಗ್ರಹಣಗಳ ಹೊಂದಿಕೆ ಇವುಗಳನ್ನು.

ಶಿವಮೊಗ್ಗ ಜಿಲ್ಲೆಯ ಗೌಜ ಅಗ್ರಹಾರದ ಶಾಸನವು ಈ ಬಗೆಯ ಪರೀಕ್ಷೆಗೆ ಒಳಗಾದವುಗಳಲ್ಲಿ ಬಹು ಪ್ರಸಿದ್ಧವಾದುದು. ಪರೀಕ್ಷಿತನ ಮಗನಾದ ಜನಮೇಜಯ ಚಕ್ರವರ್ತಿಯು ಸರ್ಪಯಾಗದ ಸಂದರ್ಭದಲ್ಲಿ ಬ್ರಾಹ್ಮಣರಿಗೆ ಭೂದಾನ ಮಾಡಿದನೆಂಬುದು ಅದರ ಒಕ್ಕಣೆ. ಪಾಂಡವರ ಮರಿಮಗನ ಕೈಯಿಂದ ಬಂದ ಭೂಮಿ! ಇದಕ್ಕಿಂತ ಹಿರಿದಾದ ಹಕ್ಕುಪತ್ರವನ್ನು ಯಾವ ಅಗ್ರಹಾರವು ತಾನೇ ಬಯಸೀತು? ಆದರೆ ಲಿಪಿಯು ನಾಗರೀ. ಅರಸನ ಬಿರುದುಗಳು ಚಾಲುಕ್ಯರ ಬಿರುದುಗಳನ್ನು ಹೋಲುತ್ತವೆ. ಅದರಲ್ಲಿ ಹೇಳಿರುವ ಸೂರ್ಯಗ್ರಹಣವನ್ನು ಇಂಗ್ಲೆಂಡಿನ ರಾಜಜ್ಯೋತಿಷಿಯಾಗಿದ್ದ ಸರ್ ಜಾರ್ಜ್ ಏರಿಯವರು ಗಣಿಸಿ ನೋಡಲಾಗಿ ಅದು ಕ್ರಿ. ಶ. 1521ನೆಯ ಏಪ್ರಿಲ್ 7ರ ಭಾನುವಾರಕ್ಕೆ ಬಂದಿತು. ಆ ಲೆಕ್ಕವನ್ನು ಒಪ್ಪಿದರೆ ಅಂದು ವಿಜಯನಗರದಲ್ಲಿ ಆಳುತ್ತಿದ್ದವನು ಜನಮೇಜಯನಲ್ಲ, ಕೃಷ್ಣದೇವರಾಯ. ರೈಸ್ ಸಾಹೇಬರು ಇದನ್ನು ಇನ್ನೂ ಹಿಂದಿನದೆಂದು ಭಾವಿಸಿದರು; ದ್ವಾಪರದ ಅಂಚಿಗೆ ಅದನ್ನು ಒಯ್ಯಲು ಮಾತ್ರ ಅವರಿಂದಲೂ ಆಗಲಿಲ್ಲ.

ಕೃತ್ರಿಮಶಾಸನಗಳು ನಮ್ಮ ಕಾಲದ ಶಂಕೆಯಿಂದ ಹುಟ್ಟಿದವಲ್ಲ. ಇವನ್ನು ನಮ್ಮ ಪೂರ್ವಿಕರು ‘ಕೂಟಶಾಸನ’ವೆಂದು ಕರೆದರು, ಮನುಸ್ಮೃತಿಯು ಅಂತಹವನ್ನು ರಚಿಸುವವನಿಗೆ ವಧೆಯನ್ನೇ ವಿಧಿಸಿದೆ. ಏಳನೆಯ ಶತಮಾನದಲ್ಲಿ ಹರ್ಷವರ್ಧನನು, ಒಬ್ಬನು ಕೂಟಶಾಸನದ ಬಲದಿಂದ ಅನುಭವಿಸುತ್ತಿದ್ದ ಗ್ರಾಮವನ್ನು ಕಿತ್ತುಕೊಂಡು ಬೇರೆಯವರಿಗೆ ದಾನಮಾಡಿದ ಸಂಗತಿಯು ಅವನ ಮಧುಬನದ ಶಾಸನದಲ್ಲಿದೆ. ಇತ್ತ ಮುಂಬಯಿ ಇಲಾಖೆಯಲ್ಲಿ 1852ರ ಇನಾಮು ಕಾಯಿದೆಯ ಮೇರೆಗೆ ಕಮಿಷನ್ನಿನವರು ಸನ್ನದುಗಳನ್ನು ಕೇಳತೊಡಗಿದಾಗ, ದಾಖಲೆ ತೋರಿಸಲಾರದ ಎಷ್ಟೋ ಮನೆತನಗಳು ಭೂಮಿಯನ್ನು ಕಳೆದುಕೊಂಡವು. ದಾನ ಸತ್ಯವಾಗಿದ್ದು ಪತ್ರ ನಷ್ಟವಾದವನ ಪಾಡು ಏನು? ಅಂತಹವನು ಹಿಂದಿನ ಕಾಲದಲ್ಲಿ ಹೊಸ ತಗಡನ್ನು ಕೆತ್ತಿಸಿದ್ದರೆ ಅವನನ್ನು ಬರಿಯ ವಂಚಕನೆನ್ನಲು ನಮಗೆ ಮನಸ್ಸು ಒಗ್ಗದು.

ಮಡಿಕೇರಿಯ ತಾಮ್ರಪಟಗಳ ವಿಚಾರವು ಇದಕ್ಕೆ ಸಮೀಪವಾದುದು. ಬಿ. ಎಲ್. ರೈಸರು 1886ರಲ್ಲಿ ಪ್ರಕಟಿಸಿದ ಕೊಡಗಿನ ಶಾಸನಸಂಪುಟದಲ್ಲಿ ಇವು ಸೇರಿವೆ. ಗಂಗರ ಅವಿನೀತನ ಕಾಲದಲ್ಲಿ, 388ನೆಯ ವರ್ಷದಲ್ಲಿ, ಬದನೆಗುಪ್ಪೆಯೆಂಬ ಗ್ರಾಮವನ್ನು ತಲಕಾಡಿನ ಜಿನಾಲಯಕ್ಕೆ ಕೊಟ್ಟುದನ್ನು ಇವು ಹೇಳುತ್ತವೆ. ಶಕವರ್ಷವೆಂದು ಹಿಡಿದರೆ ಅದು ಕ್ರಿ. ಶ. 466. ಆದರೆ ದಾನವನ್ನು ನಡೆಯಿಸಿದವನು ‘ಅಕಾಲವರ್ಷ’ನ ಮಂತ್ರಿಯಂತೆ, ಆ ಬಿರುದಾದರೋ ಎಂಟನೆಯ ಶತಮಾನದಿಂದೀಚೆಗೆ ಆಳಿದ ರಾಷ್ಟ್ರಕೂಟ ಕೃಷ್ಣರಾಜರದು. ಲಿಪಿಯೂ ಐದನೆಯ ಶತಮಾನದ್ದಲ್ಲವೆಂದು ಡಾ. ಫ್ಲೀಟರು ಇವನ್ನು ತಳ್ಳಿಹಾಕಿದರು. ಹಿಂದೆ ನಿಜವಾಗಿ ನಡೆದ ದಾನವನ್ನೇ ಮುಂದೆ ಮತ್ತೆ ಬರೆಯಿಸಿದ್ದೆಂದು ಹೇಳುವ ವಿದ್ವಾಂಸರೂ ಉಂಟು. ಈ ಮತವೇ ನಮಗೆ ಹೆಚ್ಚು ಸಮಂಜಸವಾಗಿ ತೋರುತ್ತದೆ.

ಫ್ಲೀಟರ ಹಟವು ದೊಡ್ಡದು. ಗಂಗರ ತಾಮ್ರಪಟಗಳನ್ನು ಒಂದರ ಮೇಲೊಂದಾಗಿ ಕೃತ್ರಿಮವೆಂದು ಸಾರುತ್ತ ಬಂದರು. ರೈಸರು ಅವುಗಳ ಪಕ್ಷವನ್ನು ಹಿಡಿದು ವಾದಿಸುತ್ತ ಬಂದರು. ಹೀಗಿರಲಾಗಿ ಪೆನುಗೊಂಡೆಯ ತಾಮ್ರಪಟಗಳು ಬೆಳಕಿಗೆ ಬಂದವು. ಗಂಗ ಮಾಧವನ ಈ ಶಾಸನದ ಲಿಪಿಯನ್ನೂ ಅದರಲ್ಲಿ ಹೇಳಿರುವ ಪಲ್ಲವ ಸಂಬಂಧವನ್ನೂ ಪರಿಶೀಲಿಸಿದ ಅದೇ ಫ್ಲೀಟರು 1915ರಲ್ಲಿ ಇದು ನಿಜಶಾಸನವೆಂದು ಒಪ್ಪಿ, ಸುಮಾರು ಕ್ರಿ. ಶ. 475ರದೆಂದು ನಿರ್ಣಯಿಸಿದರು. ಆ ಒಪ್ಪಿಗೆಯಿಂದ ಗಂಗರ ಆದಿಕಾಲದ ಚರಿತ್ರೆಗೆ ಕಾಲೂರಲು ನೆಲ ಸಿಕ್ಕಿತು. ಸುಲಭವಾಗಿ ತಲೆದೂಗುವ ಪರೀಕ್ಷಕನ ಪ್ರಶಂಸೆಗೆ ಈ ಬೆಲೆಯೆಲ್ಲಿಂದ ಬರಬೇಕು?

ಮನೆಯಲ್ಲಿ ಶಾಸನವಿರುವವರಿಗೆ ಎರಡು ಮಾತು. ಹುಣಸೆಹಣ್ಣು ಹಾಕಿ ಉಜ್ಜಬಾರದು. ಅಕ್ಷರದ ಅಂಚು ಸವೆದರೆ ಲಿಪಿಯ ಸಾಕ್ಷ್ಯವೇ ಹೋಯಿತು. ತಗಡುಗಳನ್ನು ಬಿಡಿಸಿ ಅಣ್ಣತಮ್ಮಂದಿರು ಹಂಚಿಕೊಳ್ಳಕೂಡದು; ಬಳೆಯನ್ನಾಗಲಿ ಮುದ್ರೆಯನ್ನಾಗಲಿ ಕತ್ತರಿಸಲೂಕೂಡದು. ಓದಲು ಬಲ್ಲವರಿಗೆ ಮಸಿಯ ಪಡಿಯಚ್ಚೇ ಸಾಕಾಗುವುದರಿಂದ ಮೂಲವು ಮನೆಯಲ್ಲಿಯೇ ಉಳಿಯಬಹುದು. 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷಕ್ಕೆ ಮೀರಿದ ಇಂತಹ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವುದು ನಿಷಿದ್ಧ. ಪರವಾನಗಿಯಿಲ್ಲದೆ ಇವುಗಳ ವ್ಯಾಪಾರವನ್ನೂ ನಡೆಸುವಂತಿಲ್ಲ. ಪರೀಕ್ಷಕರು ಕೂಟಶಾಸನವೆಂದು ಹೇಳಿದರೂ ಅದನ್ನು ಕಂಚುಗಾರನ ಮೂಸೆಗೆ ಹಾಕದಿರಬೇಕು. ಗೌಜದ ಶಾಸನವು ಜನಮೇಜಯನ ಸಂಗತಿಯನ್ನು ಹೇಳದೆ ಹೋದರೂ, ಮಲೆನಾಡಿನ ಒಂದು ಅಗ್ರಹಾರವು ತನ್ನ ಹೊಲಗದ್ದೆಗಳ ಹಕ್ಕನ್ನು ಉಳಿಸಿಕೊಳ್ಳಲು ಯಾವ ಹೆಸರನ್ನು ಆಶ್ರಯಿಸಿತೆಂಬುದನ್ನು ತಿಳಿಸುತ್ತಿದೆ.