ಸುಟ್ಟವನೇ ಬರೆದಿಟ್ಟ ಅಕ್ಷರಮಾಲೆ

ಡ್ರೆಸ್ಡೆನ್ ನಗರದ ಗ್ರಂಥಾಲಯದ ಒಂದು ಮಬ್ಬುಗತ್ತಲ ಕೋಣೆಯಲ್ಲಿ, ಗಾಜಿನ ಹಿಂದೆ, ಮಾಯಾ ಜನರ ಪುಸ್ತಕವೊಂದಿದೆ. ಮರದ ತೊಗಟೆ ಬಡಿದು ಮಾಡಿದ ಕಾಗದ, ಮೇಲೆ ಸುಣ್ಣದ ಲೇಪ. 39 ಹಾಳೆಗಳು, ಬಿಡಿಸಿದರೆ ಮೂರೂವರೆ ಮೀಟರ್ ಉದ್ದ. ನೋಡಿದೊಡನೆ ನಮಗೆ ನೆನಪಾದದ್ದು ನಮ್ಮ ಕಡೆಯ ಕಡತ. ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದ ಬಟ್ಟೆಯನ್ನು ಹೀಗೆಯೇ ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರಲ್ಲ! ಇಲ್ಲಿರುವುದೂ ಬಹುಪಾಲು ಲೆಕ್ಕವೇ: ಶುಕ್ರನ 584 ದಿನಗಳ ಸುತ್ತು, ಗ್ರಹಣಗಳ ಕೋಷ್ಟಕ. ಪಂಚಾಂಗವೆಂದರೂ ಸಲ್ಲುತ್ತದೆ.

1739ರಲ್ಲಿ ವಿಯೆನ್ನಾದಲ್ಲಿ ಸಿಕ್ಕ ಈ ಪುಸ್ತಕವನ್ನು ಸ್ಯಾಕ್ಸನಿಯ ಅರಸರ ಗ್ರಂಥಾಲಯಕ್ಕೆ ತಂದರು. ಇಂಥವು ಜಗತ್ತಿನಲ್ಲಿ ಉಳಿದಿರುವುದು ನಾಲ್ಕೇ ನಾಲ್ಕು. ಇನ್ನು ಮೂರು ಮ್ಯಾಡ್ರಿಡ್, ಪ್ಯಾರಿಸ್, ಮೆಕ್ಸಿಕೋಗಳಲ್ಲಿವೆ. (ಮೆಕ್ಸಿಕೋದ್ದು ಅಸಲಿಯೋ ನಕಲಿಯೋ ಎಂಬ ಜಗಳ 2018ರಲ್ಲಷ್ಟೇ ಒಂದು ದಡ ಮುಟ್ಟಿತು.)

ಉಳಿದವು ಎಲ್ಲಿ ಹೋದವು? ಕೆಲವು ಕಾಡಿನ ತೇವಕ್ಕೆ ಕೊಳೆತಿರಬೇಕು. ತಿಕಾಲ್‌ನಂಥ ದೊಡ್ಡ ನಗರಗಳು ಸ್ಪೇನಿನವರು ಬರುವುದಕ್ಕೆ ಆರು ಶತಮಾನ ಮೊದಲೇ ಬರಿದಾಗಿದ್ದವು, ಅದನ್ನೂ ಪರಂಗಿಯವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ 1562ರ ಜುಲೈನಲ್ಲಿ ಯುಕಟಾನಿನ ಮಾನಿ ಊರಿನಲ್ಲಿ ನಡೆದದ್ದಕ್ಕೆ ಹೊಣೆ ಯಾರೆಂಬುದು ಸ್ಪಷ್ಟ. ದಿಯೆಗೋ ದೆ ಲಾಂಡಾ ಎಂಬ ಫ್ರಾನ್ಸಿಸ್ಕನ್ ಪಾದ್ರಿ, ಗುಟ್ಟಾಗಿ ಹಳೆಯ ದೇವರನ್ನು ಪೂಜಿಸುತ್ತಿದ್ದಾರೆಂದು ಜನರನ್ನು ಹಿಂಸಿಸಿ ವಿಚಾರಿಸಿದ. ವಿಗ್ರಹಗಳೊಂದಿಗೆ ಪುಸ್ತಕಗಳನ್ನೂ ಬೆಂಕಿಗೆ ಹಾಕಿಸಿದ. ಜನ ಅತೀವ ದುಃಖಪಟ್ಟರೆಂದು ತಾನೇ ಬರೆದುಕೊಂಡಿದ್ದಾನೆ. ಹೊಸದಾಗಿ ಬಂದ ಬಿಷಪ್ಪನಿಗೇ ಇದು ಅತಿಯೆನಿಸಿ, ಲಾಂಡಾ ಸ್ಪೇನಿಗೆ ಹೋಗಿ ವಿಚಾರಣೆ ಎದುರಿಸಬೇಕಾಯಿತು. ಆಮೇಲೆ ಖುಲಾಸೆಯಾಗಿ, ತಾನೇ ಬಿಷಪ್ಪನಾಗಿ ಹಿಂದಿರುಗಿದ ಅನ್ನಿ!

ಸ್ಪೇನಿನಲ್ಲಿದ್ದಾಗ, 1566ರ ಸುಮಾರಿಗೆ, ಅವನು ಯುಕಟಾನಿನ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲಿ ಮಾಯಾ 'ಅಕ್ಷರಮಾಲೆ'ಯೂ ಒಂದು. ಅವನು ಮಾಯಾ ಲಿಪಿಕಾರನ ಮುಂದೆ ಕುಳಿತು ಸ್ಪ್ಯಾನಿಷ್ ಅಕ್ಷರಗಳ ಹೆಸರು ಹೇಳಿದ್ದಾನೆ. 'ಬೆ' ಎಂದರೆ ಆತ 'ಬೆ' ಎಂಬ ಉಚ್ಚಾರದ ಚಿಹ್ನೆ ಬರೆದಿದ್ದಾನೆ. ಕಾಗುಣಿತ ಕಲಿತ ಮಗುವನ್ನು ಎ, ಬಿ, ಸಿ ಬರೆಯೆಂದು ಕಾಡಿದರೆ ಏನಾದೀತೋ ಅದೇ ಆಗಿದೆ. ಕೊನೆಗೆ ಏನಾದರೂ ಒಂದು ವಾಕ್ಯ ಬರೆಯೆಂದಾಗ ಬಂದದ್ದು 'ಮಾ ಇನ್ ಕಾತಿ'. ಅಂದರೆ, 'ನನಗೆ ಬೇಡ'.

ಈ ಅಕ್ಷರಮಾಲೆ ಮೂರ್ಖತನದ್ದೆಂದು ಬಹಳ ಕಾಲ ವಿದ್ವಾಂಸರು ತಳ್ಳಿಹಾಕಿದ್ದರು. 1952ರಲ್ಲಿ ಲೆನಿನ್‌ಗ್ರಾಡಿನ ಯೂರಿ ಕ್ನೊರೊಜೊವ್, ಇವು ಅಕ್ಷರಗಳಲ್ಲ, ನಮ್ಮ ಕ, ಕಿ, ಕುಗಳಂಥ ಗುಣಿತ ಎಂದು ಗುರುತಿಸಿದರು. 'ಕು' 'ತ್ಸು' ಸೇರಿ 'ಕುತ್ಸ್', ಟರ್ಕಿ ಕೋಳಿ; ಚಿತ್ರದಲ್ಲೂ ಅದೇ ಕೋಳಿ! ಬೀಗ ತೆರೆಯಿತು. ಇಂಗ್ಲೆಂಡಿನ ಎರಿಕ್ ಥಾಂಪ್ಸನ್ ಮಾತ್ರ 1975ರಲ್ಲಿ ಸಾಯುವತನಕ ಒಪ್ಪಲಿಲ್ಲ.

ನಮ್ಮೊಳಗೆ ಈಗಲೂ ಇತ್ಯರ್ಥವಾಗದ ವಾದವೊಂದಿದೆ. ಲಾಂಡಾನಿಗೆ ನಾವು ಋಣಿಗಳೇ? ಕಿಟೆಲ್ ಕೂಡ ಮತಪ್ರಚಾರಕ್ಕೇ ಬಂದವರಲ್ಲವೇ ಎಂಬ ಮಾತು ಬಂತು. ಬಂದರು, ನಿಜ. ಆದರೆ 1894ರ ಅವರ ನಿಘಂಟು ಓಲೆಗರಿಗಳನ್ನು ಓದಿ ಹುಟ್ಟಿದ್ದು, ಸುಟ್ಟು ಹುಟ್ಟಿದ್ದಲ್ಲ. ಮನೆಗೆ ಬೆಂಕಿಯಿಟ್ಟವನು ಬೀಗದ ಕೈ ಬೀಳಿಸಿಹೋದರೆ ಅದಕ್ಕೆ ಕೃತಜ್ಞತೆ ಎಷ್ಟು ಹೇಳಬೇಕೋ ನಮಗಂತೂ ತಿಳಿಯದು.

ಮಾಯಾ ಭಾಷೆಗಳು ಸತ್ತಿಲ್ಲ, ಸುಮಾರು 30 ಇಂದಿಗೂ ಆಡುಮಾತು. ಗ್ವಾಟೆಮಾಲಾದಲ್ಲಿ 1980ರ ದಶಕದ ಕೊನೆಯಿಂದ ಮಾಯಾ ಶಿಕ್ಷಕರೇ ಕಮ್ಮಟಗಳಲ್ಲಿ ಕೂತು ಅಜ್ಜಂದಿರ ಲಿಪಿಯನ್ನು ತಿದ್ದಿ ಕಲಿಯತೊಡಗಿದರು. ಪುಸ್ತಕ ಮಾತ್ರ ಡ್ರೆಸ್ಡೆನ್‌ನಲ್ಲೇ ಇದೆ.